ಹನ್ನೆರಡು ದಿನಕ್ಕೆ ಕೊಟ್ಟ ಕಲ್ಲು

ನಮ್ಮೂರಿನಲ್ಲಿ ಕಳ್ಳರಿಲ್ಲ. ಹೀಗೆಂದರೆ ಹೊರಗಿನವರು ನಮ್ಮನ್ನೆಲ್ಲ ಸಾಧುಸಂತರೆಂದುಕೊಂಡು ಕೈಮುಗಿದಾರು. ಅಂಥದ್ದೇನೂ ಇಲ್ಲ. ಇಲ್ಲಿ ತನ್ನ ವಸ್ತು ತನ್ನ ಕೈಗೆ ಹಗುರ, ಇನ್ನೊಬ್ಬರದ್ದು ಭಾರ. ಪಕ್ಕದ ಮನೆಯವರ ಖಾಲಿ ಚೊಂಬನ್ನು ಎತ್ತಿದರೆ ನೀರು ತುಂಬಿದ ಕೊಡ ಎತ್ತಿದ ಹಾಗಾಗುತ್ತದೆ. ಕದ್ದುಕೊಂಡು ಓಡುವುದಿರಲಿ, ಹೊಸಿಲು ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಾವು ಪ್ರಾಮಾಣಿಕರು.

ಒಂದು ವಸ್ತು ಇನ್ನೊಬ್ಬರಿಗೆ ಹಗುರಾಗಬೇಕಾದರೆ ಅದನ್ನು ಕೊಡಬೇಕು. ಎರಡೂ ಕೈಯಿಂದ ಮುಟ್ಟಿ ‘ಕೊಟ್ಟೆ’ ಅನ್ನಬೇಕು, ಅಂದದ್ದು ಮನಸ್ಸಿನಿಂದ ಬಂದಿರಬೇಕು. ಹೋಟೆಲಿನಲ್ಲಿ ಮಾಲೀಕರು ಕಾಫಿ ಲೋಟ ಕೊಡುತ್ತಾರೆ, ಕುಡಿದವರು ಏಳುವಾಗ ಲೋಟವನ್ನು ಮುಟ್ಟಿ ವಾಪಸ್ ಕೊಟ್ಟು ಹೋಗುತ್ತಾರೆ. ಯಾರಿಗೂ ಅದೊಂದು ವಿಶೇಷ ಅನ್ನಿಸುವುದಿಲ್ಲ. ಬಾಯಿಮಾತಿಗೆ ಕೊಟ್ಟರೆ ಮಾತ್ರ ನಡೆಯುವುದಿಲ್ಲ. ಹಿಂದೆ ಒಬ್ಬ ದೊಡ್ಡ ಮನುಷ್ಯರು ಹೈಸ್ಕೂಲಿಗೆ ಇಪ್ಪತ್ತು ಬೆಂಚು ದಾನ ಮಾಡಿದರು. ಮೈಕು ಹಿಡಿದು ಮೂರು ಸಲ ‘ಕೊಟ್ಟೆ’ ಅಂದರು, ಹಾರ ಹಾಕಿಸಿಕೊಂಡರು, ಫೋಟೋ ತೆಗೆಸಿಕೊಂಡರು. ಆ ಬೆಂಚುಗಳು ಇವತ್ತಿಗೂ ಶಾಲೆಯ ಗೇಟಿನ ಹೊರಗೇ ಇವೆ. ನಾಲ್ಕು ಜನ ಹಿಡಿದರೂ ಒಂದೂ ಅಲುಗುವುದಿಲ್ಲ. ಮಕ್ಕಳು ಅಲ್ಲಿಗೇ ಹೋಗಿ ಕೂತು ಬುತ್ತಿ ತಿನ್ನುತ್ತಾರೆ.

ನನ್ನ ಹೆಸರು ದಾಕ್ಷಾಯಿಣಿ. ದೋಸೆ ಹಿಟ್ಟು ರುಬ್ಬಿ ಮಾರುವುದು ನನ್ನ ಕಸುಬಾಗಿತ್ತು. ಮೂರು ಬೀದಿಯ ಮನೆಗಳಿಗೂ ಎರಡು ಹೋಟೆಲಿಗೂ ನನ್ನ ಹಿಟ್ಟೇ ಹೋಗುತ್ತಿತ್ತು. ನನ್ನ ಹಿಟ್ಟಿನ ದೋಸೆ ಕಾವಲಿಗೆ ಹತ್ತುವುದಿಲ್ಲ ಎಂದು ಹೊಸದಾಗಿ ಮದುವೆಯಾದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳುವುದಕ್ಕೆ ಇದು ಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ಉಮಾಪತಿಯವರನ್ನು ಮದುವೆಯಾಗಿ ಬಂದಾಗ ನನ್ನ ಜೊತೆ ಒಂದು ತಾಮ್ರದ ಹಂಡೆ, ಎರಡು ಕೊಳದಪ್ಪಲೆ, ಮಂಚ, ಬೀರು, ಮತ್ತು ಅಮ್ಮ ಕೊಡಿಸಿದ ಗ್ರೈಂಡರ್ ಬಂದವು. ಎಲ್ಲವೂ ನನ್ನವು, ಎಲ್ಲವೂ ಹೂವಿನಷ್ಟು ಹಗುರ. ಬೀರುವನ್ನು ನಾನೊಬ್ಬಳೇ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಿದ್ದನ್ನು ನೋಡಿ ಅತ್ತೆಯ ಮುಖ ಸಪ್ಪಗಾಯಿತು. ನಮ್ಮೂರಿನಲ್ಲಿ ಸೊಸೆ ಬಂದ ತಿಂಗಳೊಳಗೆ ತವರಿನ ಸಾಮಾನನ್ನೆಲ್ಲ ಅತ್ತೆಗೆ ಕೊಟ್ಟುಬಿಡುವುದು ರೂಢಿ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅತ್ತೆ ಹಂಡೆಯ ಕಿವಿ ಹಿಡಿದು ಎತ್ತಲು ನೋಡುತ್ತಾರೆ, ಎತ್ತಲಾರದೆ ಉಸ್ಸೆಂದು ಕೂರುತ್ತಾರೆ, ವಯಸ್ಸಾಯಿತಪ್ಪ ಅನ್ನುತ್ತಾರೆ. ಸೊಸೆಯಾದವಳು ನಾಚಿಕೊಂಡು ‘ಕೊಟ್ಟೆ’ ಅನ್ನುತ್ತಾಳೆ.

ಇದೆಲ್ಲ ಗೊತ್ತಿದ್ದ ನನ್ನ ಅಮ್ಮ ಮದುವೆಯ ಹಿಂದಿನ ದಿನವೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿದ್ದಳು. “ದಾಕ್ಷಿ, ಏನ್ ಕೇಳಿದ್ರೂ ಕೊಟ್ಬಿಡು, ಜಗಳ ಬೇಡ. ಗ್ರೈಂಡರ್ ಒಂದು ಮಾತ್ರ ಕೊಡ್ಬೇಡ ಕಣೇ. ಒಂದಾದ್ರೂ ನಿನ್ನ ಕೈಗೆ ಹಗೂರ ಇರ್ಲಿ” ಅಂದಳು. ಅಮ್ಮ ತನ್ನ ಕಾಲದಲ್ಲಿ ಒಂದನ್ನೂ ಉಳಿಸಿಕೊಂಡಿರಲಿಲ್ಲ. ಸಾಯುವವರೆಗೂ ತನ್ನದೇ ಮನೆಯ ಹಿಂಡಾಲಿಯಂ ಬೋಗುಣಿಯನ್ನು ಎರಡು ಕೈಯಲ್ಲಿ ಎತ್ತುತ್ತಿದ್ದಳು.

ನಾನು ಎಲ್ಲವನ್ನೂ ಕೊಟ್ಟೆ. ಹಂಡೆ, ದಪ್ಪಲೆ, ಮಂಚ, ಬೀರು. ಒಂದೊಂದೂ ಒಂದೇ ಸಲಕ್ಕೆ ಹೋಯಿತು, ನನ್ನ ಮನಸ್ಸು ಅಷ್ಟು ಚೆನ್ನಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಅವೆಲ್ಲ ನನ್ನ ಗಂಡನ ಪಾಲಿಗೆ ಬಂದು ಹಗುರಾದವು, ನನಗೆ ಭಾರವಾಗಿಯೇ ಉಳಿದವು. ಮನೆಯಂತೂ ಮೊದಲಿನಿಂದ ಅವರದ್ದೇ, ಅವರಪ್ಪ ಕಟ್ಟಿಸಿದ್ದು. ಬಾಗಿಲು ತೆಗೆಯಬೇಕಾದರೆ ನಾನು ಎಡಭುಜ ಕೊಟ್ಟು ನೂಕಬೇಕಿತ್ತು. ನಮ್ಮೂರಿನ ಹೆಂಗಸರನ್ನು ಹಿಂದಿನಿಂದ ನೋಡಿದರೂ ಮದುವೆಯಾಗಿದೆಯೋ ಇಲ್ಲವೋ ಹೇಳಬಹುದು. ಮದುವೆಯಾದವರ ಎಡಭುಜ ಸ್ವಲ್ಪ ಇಳಿದಿರುತ್ತದೆ. ಹಿಂದುಗಡೆ ತಗಡಿನ ಶೆಡ್ ಒಂದನ್ನು ಹಿಟ್ಟು ಮಾರಿದ ದುಡ್ಡಿನಲ್ಲಿ ನಾನೇ ಹಾಕಿಸಿದೆ. ಅದರ ಬಾಗಿಲು ಅಂಗಡಿಯಿಂದ ತರುವಾಗ ನನ್ನ ಒಂದೇ ಕೈಯಲ್ಲಿ ಬಂತು. ಅವರ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಗಳಿಗೆಯಿಂದ ಅದೂ ಭಾರವಾಯಿತು.

ಆದರೆ ಗ್ರೈಂಡರ್ ಕೊಟ್ಟಿರಲಿಲ್ಲ. ದಿನಾ ಹಿಟ್ಟು ತೆಗೆದ ಮೇಲೆ ಅದರ ಗುಂಡುಕಲ್ಲನ್ನು ಎತ್ತಿ ತೊಳೆಯಬೇಕು. ಬೇರೆಯವರಾದರೆ ಏದುಸಿರು ಬಿಡುವ ಆ ಕಲ್ಲು ನನ್ನ ಕೈಯಲ್ಲಿ ಒಂದು ತೆಂಗಿನಕಾಯಿಯಷ್ಟೇ ಇರುತ್ತಿತ್ತು. ಅಷ್ಟು ಹೊತ್ತು ನನಗೆ ತವರಿಗೆ ಹೋಗಿ ಬಂದ ಹಾಗಾಗುತ್ತಿತ್ತು. ಅತ್ತೆ ಬದುಕಿದ್ದಾಗ ಎಷ್ಟು ಸಲ ಆ ಕಲ್ಲಿನ ಮುಂದೆ ಕೂತು ಉಸ್ಸೆಂದರೋ ಲೆಕ್ಕವಿಲ್ಲ. ನಾನು ಕೇಳಿಸದವಳ ಹಾಗೆ ಉದ್ದು ತೊಳೆಯುತ್ತಿದ್ದೆ.

ಮದುವೆಯಾಗಿ ಹದಿಮೂರು ವರ್ಷಕ್ಕೆ ನನಗೆ ಟೈಫಾಯ್ಡ್ ಬಂತು. ಮಗಳು ಮಂದಾರ ಆಗ ಹನ್ನೆರಡರವಳು. ಹಾಸಿಗೆಯಿಂದ ಏಳಲಾರೆ, ಹೋಟೆಲಿನವರು ಬೇರೆ ಕಡೆ ಹಿಟ್ಟು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಆಗ ನನ್ನ ಗಂಡ ಬಂದು ಹಾಸಿಗೆಯ ಪಕ್ಕ ಕೂತರು. ಅವರದ್ದು ಪುರಸಭೆಯಲ್ಲಿ ನೀರಿನ ಮೀಟರ್ ಓದುವ ಕೆಲಸ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. “ನಾನು ರುಬ್ತೀನಿ ಬಿಡು, ನೀನು ಮಲಗು” ಅಂದರು. ನಿಜವಾಗಿ ಅಂದರು. ಆದರೆ ಅದರ ಹಿಂದಿನ ವರ್ಷ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಇನ್ನೊಬ್ಬರ ವಸ್ತುವನ್ನು ಮುಟ್ಟಲೇಬಾರದು ಎಂದು ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟಿದ್ದರು.

ಹಾಗಾಗಿ ನಾನು ಮಾಡಬಾರದ್ದನ್ನು ಮಾಡಿದೆ. ಮಂದಾರಳ ಹೆಗಲು ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆದು, ಗುಂಡುಕಲ್ಲಿನ ಮೇಲೆ ಎರಡೂ ಕೈಯಿಟ್ಟು, “ಗ್ರೈಂಡರ್ ಕೊಟ್ಟೆ” ಅಂದೆ. ಕೈ ಜ್ವರಕ್ಕೆ ಸುಡುತ್ತಿತ್ತು, ಕಲ್ಲು ತಣ್ಣಗಿತ್ತು. ಒಂದೇ ಸಲಕ್ಕೆ ಹೋಯಿತು. ಅವರು ಅದನ್ನು ಒಂದು ಕೈಯಲ್ಲಿ ಎತ್ತಿ, ಅರೆ ಎಂದು ನಕ್ಕರು.

ಹನ್ನೆರಡು ದಿನ ಅವರು ಹಿಟ್ಟು ರುಬ್ಬಿದರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ರುಬ್ಬಿದರು. ಬೀದಿಯ ಹೆಂಗಸರು ಪಾತ್ರೆ ಹಿಡಿದುಕೊಂಡು ಬಂದವರು, ಉಮಾಪತಿಯಣ್ಣಾ ನಿಮ್ಮಂಥ ಗಂಡ ಯಾರಿಗುಂಟು ಎಂದು ಬಾಯಿತುಂಬ ಹೊಗಳಿದರು. ಮಲಗಿದಲ್ಲೇ ಕೇಳಿಸಿಕೊಂಡು ನನಗೂ ಹೆಮ್ಮೆಯಾಯಿತು. ಹದಿಮೂರನೆಯ ದಿನ ನಾನು ಎದ್ದು ಸ್ನಾನ ಮಾಡಿ ಗ್ರೈಂಡರಿನ ಹತ್ತಿರ ಹೋದೆ. ಕಲ್ಲು ಎತ್ತಲು ಹೋಗಿ ಮುಗ್ಗರಿಸಿದೆ. ಜ್ವರದ ಸುಸ್ತು ಅಂದುಕೊಂಡೆ. ಆಮೇಲೆ ನೆನಪಾಯಿತು.

ವಾಪಸ್ ಕೇಳಬೇಕಿತ್ತು. ಆ ಹೊತ್ತಿಗೇ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಆದರೆ ಹನ್ನೆರಡು ದಿನ ನನ್ನ ಎಂಜಲು ಲೋಟ ತೊಳೆದ ಗಂಡನ ಮುಂದೆ ನಿಂತು, ನನ್ನ ಕಲ್ಲು ನನಗೆ ಕೊಡಿ ಎನ್ನಲು ನಾಲಿಗೆ ಏಳಲಿಲ್ಲ. ನಾಳೆ ಕೇಳೋಣ ಅಂದುಕೊಂಡೆ. ಒಂದು ಸಲ ತಮಾಷೆಯ ಧಾಟಿಯಲ್ಲಿ, “ಏನ್ರೀ, ನನ್ನ ಗ್ರೈಂಡರ್ ಇಟ್ಕೊಂಡೇಬಿಟ್ರಾ?” ಅಂದೆ. ಅವರು ಪೇಪರಿನಿಂದ ತಲೆ ಎತ್ತದೆ, “ಯಾರದ್ದಾದ್ರೇನು ದಾಕ್ಷಿ, ಇರೋದು ಒಂದೇ ಮನೇಲಲ್ವಾ” ಅಂದರು. ಅದೂ ಸರಿಯೇ ಅನ್ನಿಸಿತು. ಒಂಬತ್ತು ವರ್ಷ ದಿನಾ ಎರಡು ಹೊತ್ತು ಆ ಕಲ್ಲನ್ನು ಎದೆಗೆ ಅವಚಿಕೊಂಡು ಎತ್ತಿದೆ, ಇಳಿಸಿದೆ. ಅಕ್ಕಿ ನನ್ನದು, ಉದ್ದು ನನ್ನದು, ಹಿಟ್ಟು ನನ್ನದು, ಕಲ್ಲು ಅವರದ್ದು. ಬೆನ್ನಿನ ಕೆಳಗೆ ಒಂದು ನೋವು ಬಂದು ಕೂತಿತು. ಮನೆಗೆಲಸ ಎಂದರೆ ಹೀಗೇ ಇರುತ್ತದೆ ಎಂದು ಅದಕ್ಕೂ ಒಗ್ಗಿಕೊಂಡೆ. ನನ್ನ ಮೇಲೇ ನನಗೆ ಈಗ ಸಿಟ್ಟು ಬರುವುದು ಆ ಒಗ್ಗಿಕೊಂಡದ್ದಕ್ಕೆ.

ಮಂದಾರ ಓದು ಮುಗಿಸಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೊಂದು ಸ್ಕೂಟರ್ ಕೊಡಿಸಿದೆ. ಹಿಟ್ಟಿನ ದುಡ್ಡು ಕೂಡಿಟ್ಟು ಕೊಡಿಸಿದ್ದು. ಅಂಗಡಿಯ ಮುಂದೆಯೇ ಹ್ಯಾಂಡಲ್ ಮುಟ್ಟಿ ‘ಕೊಟ್ಟೆ’ ಅಂದೆ. ಅವಳು ಅದನ್ನು ಎರಡು ಬೆರಳಲ್ಲಿ ಸ್ಟ್ಯಾಂಡಿನಿಂದ ಇಳಿಸಿ ಕುಣಿದಾಡಿದಳು. “ಇದನ್ನ ಮಾತ್ರ ಯಾರಿಗೂ ಕೊಡ್ಬೇಡ ಮಂದಾರ” ಅಂದೆ. “ಅಯ್ಯೋ, ಎಷ್ಟು ಸಲ ಹೇಳ್ತೀಯಮ್ಮ” ಅಂದಳು. ನಾನು ಹೇಳಿದ್ದು ಅದೇ ಮೊದಲ ಸಲ. ಬಹುಶಃ ನನ್ನ ಮುಖ ದಿನಾ ಅದನ್ನೇ ಹೇಳುತ್ತಿತ್ತೇನೋ.

ಇನ್ನು ಕೊಡೆಯ ವಿಷಯ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಳೆ ನಿಂತ ಮೇಲೆ ನನ್ನ ಗಂಡ ಮನೆಗೆ ಬಂದರು. ಕೈಯಲ್ಲೊಂದು ಮಡಿಚಿದ ಕೊಡೆ. ಅದನ್ನು ಎರಡೂ ತೋಳಲ್ಲಿ ಸೌದೆ ಹೊರೆಯ ಹಾಗೆ ಹೊತ್ತುಕೊಂಡಿದ್ದಾರೆ, ಮುಖ ಕೆಂಪಾಗಿದೆ, ಕತ್ತಿನ ನರ ಉಬ್ಬಿದೆ. ಜಗಲಿಯ ಮೇಲೆ ಅದನ್ನಿಟ್ಟಾಗ ಧೊಪ್ಪೆಂದು ಸದ್ದಾಯಿತು.

“ಯಾರ್ದುರೀ ಕೊಡೆ?” ಅಂದೆ.

“ಆಫೀಸಿಂದು” ಅಂದರು.

ಪುರಸಭೆಯ ಕೊಡೆಯ ಮೇಲೆ ನೇರಳೆ ಹೂವುಗಳಿರುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಶೈಲಜಾಳ ಕೈಯಲ್ಲಿ ಆ ಕೊಡೆಯನ್ನು ನಾನೇ ನೋಡಿದ್ದೆ. ಅವಳ ಅಂಗಡಿಯಿಂದ ನಮ್ಮ ಮನೆಗೆ ಅರ್ಧ ಗಂಟೆಯ ದಾರಿ. ಮಳೆ ದಾರಿಯಲ್ಲೇ ನಿಂತಿತ್ತು. ಹಾಗಿದ್ದರೂ ಅಷ್ಟು ದೂರ, ಆಪರೇಷನ್ ಆದ ಹೊಟ್ಟೆಯಲ್ಲಿ, ಅದನ್ನು ಎಲ್ಲೂ ಬಿಡದೆ ಹೊತ್ತು ತಂದಿದ್ದಾರೆ. ನನಗಾಗಿ ಅಷ್ಟು ಭಾರವನ್ನು ಅವರು ಒಂದು ದಿನವೂ ಹೊತ್ತವರಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಇನ್ನೊಂದು ಉರಿಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಶೈಲಜಾ ಪ್ರೀತಿ ಕೊಟ್ಟಿದ್ದಳು, ಆದರೆ ಕೊಡೆ ಕೊಟ್ಟಿರಲಿಲ್ಲ. ಎಂಥ ಜಾಣೆ ಅನ್ನಿಸಿತು.

ಕೂಗಾಟ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ವಾರ ಕಳೆದ ಮೇಲೆ ಅವರೇ ತಲೆ ತಗ್ಗಿಸಿಕೊಂಡು, “ಇನ್ನು ಒಟ್ಟಿಗೆ ಆಗಲ್ಲ ದಾಕ್ಷಿ, ಬಿಡಿಸ್ಕೊಳ್ಳೋಣ” ಅಂದರು. ನಾನು ಆಯಿತು ಅಂದೆ.

ನಮ್ಮೂರಿನಲ್ಲಿ ಗಂಡ ಹೆಂಡತಿ ಬಿಡಿಸಿಕೊಳ್ಳುವುದು ಪುರಸಭೆ ಕಚೇರಿಯ ಹಿಂದಿರುವ ಎತ್ತುವ ಕಟ್ಟೆಯ ಮೇಲೆ. ಮನೆಯ ಸಾಮಾನುಗಳನ್ನೆಲ್ಲ ಗಾಡಿಯಲ್ಲಿ ತಂದು ಅಲ್ಲಿ ಸಾಲಾಗಿ ಇಡುತ್ತಾರೆ. ಒಂದೊಂದನ್ನೂ ಮೊದಲು ಗಂಡ, ಆಮೇಲೆ ಹೆಂಡತಿ ಎತ್ತಬೇಕು. ಒಂದೇ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಬೇಕು, ಕೈ ನಡುಗಬಾರದು. ಯಾರಿಗೆ ಎದ್ದಿತೋ ಅವರದ್ದು. ಕಾಗದ ಬೇಡ, ಸಾಕ್ಷಿ ಬೇಡ, ವಕೀಲರು ಬೇಡ. ಇಷ್ಟು ನ್ಯಾಯವಾದ ಕಾನೂನು ಬೇರೆಲ್ಲೂ ಇಲ್ಲ ಎಂದು ನಮ್ಮ ಗಂಡಸರು ಹೆಮ್ಮೆಪಡುತ್ತಾರೆ. ಕಟ್ಟೆಯಿಂದ ಹೆಂಗಸೊಬ್ಬಳು ಗಾಡಿ ತುಂಬ ಸಾಮಾನು ಹೇರಿಕೊಂಡು ಹೋದದ್ದನ್ನು ನಾನಂತೂ ನೋಡಿಲ್ಲ. ಸಾಮಾನ್ಯವಾಗಿ ಒಂದು ಚೀಲದಲ್ಲಿ ಮುಗಿಯುತ್ತದೆ.

ನಾನು ಮನೆಯ ಆಸೆ ಮೊದಲೇ ಬಿಟ್ಟಿದ್ದೆ. ನನಗೆ ಬೇಕಾದದ್ದು ಒಂದೇ. ಕಟ್ಟೆಗೆ ಹೋಗುವ ನಾಲ್ಕು ದಿನ ಮುಂಚೆ ಅವರು ಊಟಕ್ಕೆ ಕೂತಾಗ ಕೇಳಿದೆ. “ರೀ, ಮನೆ ಬೇಡ, ಬೀರು ಬೇಡ, ಹಂಡೆ ಬೇಡ. ನನ್ನ ಗ್ರೈಂಡರ್ ಒಂದು ವಾಪಸ್ ಕೊಡಿ. ಎಲ್ಲಾದ್ರೂ ಒಂದು ರೂಮ್ ಮಾಡ್ಕೊಂಡು ಹಿಟ್ಟು ರುಬ್ಕೊಂಡು ಇರ್ತೀನಿ.”

ಅವರಿಗೆ ಬೇಜಾರಾಯಿತು. “ಕೊಡಲ್ಲ ಅಂದ್ನಾ ನಾನು? ನಿಮ್ಮಮ್ಮ ಕೊಡ್ಸಿದ್ದು ಅಂತ ಗೊತ್ತಿಲ್ವಾ ನನಗೆ? ಕಟ್ಟೆ ಮೇಲೆ ಎಲ್ಲರ ಎದುರಿಗೇ ಕೊಡ್ತೀನಿ.”

“ಈಗ್ಲೇ ಕೊಟ್ಬಿಡಿ. ಇಲ್ಲೇ ಇದೆಯಲ್ಲ.”

“ಈಗ ಕೊಟ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ? ಉಮಾಪತಿ ಹೆಂಡ್ತಿನ ಬರಿಗೈಲಿ ಕಳಿಸ್ದ ಅಂತಾರೆ. ನಂಬಿಕೆ ಇಲ್ವಾ ನನ್ ಮೇಲೆ?”

ಮಂದಾರ ಸಾರು ಬಡಿಸುತ್ತಿದ್ದವಳು, “ಅಪ್ಪ ಕೊಡ್ತಾರೆ ಬಿಡಮ್ಮ. ಅಷ್ಟು ಕೆಟ್ಟವರಲ್ಲ” ಅಂದಳು. ಅವಳಿಗೆ ಆಗ ಸುಹಾಸನ ಜೊತೆ ಮದುವೆ ಗೊತ್ತಾಗಿತ್ತು, ಎಲ್ಲರೂ ಒಳ್ಳೆಯವರಾಗಿ ಕಾಣುವ ಕಾಲ. ನಾನೂ ನಂಬಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಕೊಡುತ್ತಾರೆ ಅಂದುಕೊಂಡೆ. ಆ ನಾಲ್ಕು ದಿನ ರಾಜಬೀದಿಯ ಆಚೆ ಒಂದು ರೂಮ್ ನೋಡಿ ಬಂದೆ. ಗ್ರೈಂಡರ್ ಎಲ್ಲಿ ಇಡುವುದು, ನೀರು ಎಲ್ಲಿಂದ ತರುವುದು ಎಂದೆಲ್ಲ ಲೆಕ್ಕ ಹಾಕಿದೆ. ಸುಳ್ಳೇಕೆ, ಒಂದೆರಡು ಸಲ ಹಾಡಿನ ತುಣುಕೂ ಬಾಯಿಗೆ ಬಂತು.

ಕಟ್ಟೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಯಿತು. ಕಟ್ಟೆಯ ಸಾಹೇಬರು ಷಡಕ್ಷರಿ ಎಂದು, ಕನ್ನಡಕದ ಮೇಲಿಂದ ನೋಡುವ ಮೆದು ಮಾತಿನವರು. ಸುತ್ತ ಜನ ಕಡಲೆಕಾಯಿ ಬಿಡಿಸಿಕೊಂಡು ನಿಂತಿದ್ದರು. ಹಂಡೆ ಬಂತು. ಅವರಿಗೆ ಎದ್ದಿತು, ನನಗೆ ಏಳಲಿಲ್ಲ. ದಪ್ಪಲೆ ಬಂತು. ಕುರ್ಚಿಗಳು ಬಂದವು. ಟೀವಿ ಬಂತು. ಅವರಿಗೆ, ಅವರಿಗೆ, ಅವರಿಗೆ. ಬೀರುವನ್ನು ಅವರು ಒಂದು ಕೈಯಲ್ಲಿ ಎತ್ತಿದಾಗ ಯಾರೋ ಚಪ್ಪಾಳೆ ಹೊಡೆದರು. ನನ್ನ ಪಾಲಿಗೆ ಆರು ಸೀರೆ, ಒಂದು ಚಪ್ಪಲಿ ಜೊತೆ, ಕನ್ನಡಿ, ಅಕ್ಕಿ ಡಬ್ಬದಲ್ಲಿ ಉಳಿದ ಅಕ್ಕಿ. ಡಬ್ಬ ಅವರದ್ದು. ಅಕ್ಕಿಯನ್ನು ಸೆರಗಿಗೆ ಸುರಿದುಕೊಂಡೆ. ನನ್ನ ಕಣ್ಣು ಮಾತ್ರ ಸಾಲಿನ ಕೊನೆಯಲ್ಲಿದ್ದ ಗ್ರೈಂಡರಿನ ಮೇಲಿತ್ತು.

ಗುಂಡುಕಲ್ಲನ್ನು ತೆಗೆದು ಕಟ್ಟೆಯ ಮಧ್ಯೆ ಇಟ್ಟರು. ಅವರು ಎತ್ತಿದರು. ಒಂದೇ ಕೈಯಲ್ಲಿ, ತೆಂಗಿನಕಾಯಿ ಎತ್ತಿದ ಹಾಗೆ. ಆಮೇಲೆ ಕೆಳಗಿಟ್ಟು ಸಾಹೇಬರ ಕಡೆ ತಿರುಗಿದರು.

“ಸಾರ್, ಇದು ಇವಳ ತವರಿಂದು. ಇದನ್ನ ನಾನು ಇವಳಿಗೇ ಕೊಡ್ತಾ ಇದೀನಿ.” ಗಂಟಲು ಸರಿಮಾಡಿಕೊಂಡು, ಕಲ್ಲಿನ ಮೇಲೆ ಎರಡೂ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಅಂದರು, “ಗ್ರೈಂಡರ್ ಕೊಟ್ಟೆ.”

ಜನ ತಲೆದೂಗಿದರು. ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ನಾನು ಸೆರಗಿನ ಅಕ್ಕಿಯನ್ನು ಮಂದಾರಳ ಮಡಿಲಿಗೆ ಸುರಿದು ಹೋಗಿ ಬಗ್ಗಿದೆ. ಬಲಗೈಯಲ್ಲಿ ಕಲ್ಲಿನ ಕತ್ತು ಹಿಡಿದು ಎತ್ತಿದೆ.

ಕಲ್ಲು ಅಲುಗಲಿಲ್ಲ.

ಒಂಬತ್ತು ವರ್ಷ ಎತ್ತಿದ ತೂಕ ಕೈಗೆ ಗೊತ್ತಿರುತ್ತದೆ. ಒಂದು ಗುಂಜಿಯೂ ಇಳಿದಿರಲಿಲ್ಲ. ನಾನು ತಲೆ ಎತ್ತಿ ಅವರನ್ನು ನೋಡಿದೆ. ಅವರಿಗೆ ಅರ್ಥವಾಗಲಿಲ್ಲ. “ಎತ್ತು” ಅಂದರು.

“ಎದ್ದೇಳ್ತಿಲ್ಲರೀ.”

ಅವರು ಮತ್ತೆ ಕೈಯಿಟ್ಟರು. “ಕೊಟ್ಟೆ” ಅಂದರು, ಈ ಸಲ ಜೋರಾಗಿ. ನಾನು ಎತ್ತಿದೆ. ಇಲ್ಲ. ಜನ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದರು. ಎಲ್ಲರಿಗೂ ಶಾಲೆಯ ಗೇಟಿನ ಬೆಂಚುಗಳು ನೆನಪಾಗಿರಬೇಕು.

“ಉಮಾಪತಿಯವ್ರೇ, ಆತುರ ಬೇಡ. ಮನಸ್ಸಿಟ್ಟು ಹೇಳಿ” ಅಂದರು ಷಡಕ್ಷರಿ ಸಾಹೇಬರು.

“ಮನಸ್ಸಿಟ್ಟೇ ಹೇಳ್ತಾ ಇದೀನಿ ಸಾರ್!” ಅವರ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಮಂಡಿಯೂರಿ ಕೂತು ಕಲ್ಲನ್ನು ತಬ್ಬಿಕೊಂಡ ಹಾಗೆ ಹಿಡಿದರು. “ಕೊಟ್ಟೆ. ಕೊಟ್ಟಿದೀನಿ. ದಾಕ್ಷಿ, ನಿಜವಾಗ್ಲೂ ಕೊಡ್ತಾ ಇದೀನಿ ಕಣೇ, ನಂಬು.” ಧ್ವನಿ ಒಡೆದು ಅಳು ಬಂತು.

ನಾನು ನಂಬಿದೆ. ಅವರು ನಾಟಕ ಆಡುತ್ತಿರಲಿಲ್ಲ. ಕೊಡಬೇಕೆಂದು ಅವರಿಗೆ ಅಷ್ಟು ಆಸೆಯಿತ್ತು, ಕೊಡಲು ಬರುತ್ತಿರಲಿಲ್ಲ. ಒಂದು ದಿನವೂ ಏನನ್ನೂ ಕೊಟ್ಟು ಗೊತ್ತಿಲ್ಲದ ಮನುಷ್ಯ. ತಗೊಂಡು, ತಗೊಂಡು, ತನ್ನ ಮನೆಯಲ್ಲಿರುವುದೆಲ್ಲ ತನಗೆ ಹಗುರವಾಗಿರುವುದೇ ಲೋಕದ ರೀತಿ ಎಂದುಕೊಂಡು ಐವತ್ತು ವರ್ಷ ಬದುಕಿದ್ದವರು. ಸಿಟ್ಟು ಮಾಡಿಕೊಳ್ಳಲೂ ಅಲ್ಲಿ ಏನೂ ಸಿಗಲಿಲ್ಲ ನನಗೆ. ಅವರು ಕೆಟ್ಟವರಾಗಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು.

“ರಸೀದಿ ಇದೆ ಸಾರ್” ಅಂದೆ. ಅಮ್ಮ ಕೊಂಡಾಗಿನ ಹಳದಿ ಚೀಟಿ, ಮಡಿಕೆಯಲ್ಲೆಲ್ಲ ಹರಿದದ್ದು, ರವಿಕೆಯೊಳಗಿಂದ ತೆಗೆದು ಕೊಟ್ಟೆ. ಸಾಹೇಬರು ಅದನ್ನು ಓದಿದರು, ಮರ್ಯಾದೆಯಿಂದಲೇ ಮಡಿಚಿ ವಾಪಸ್ ಕೊಟ್ಟರು. “ಅಮ್ಮಾ, ನಿಮ್ಮ ತಾಯಿ ಕೊಂಡಿದ್ದು ನಿಜ. ನೀವು ಇವರಿಗೆ ಕೊಟ್ಟಿದ್ದೂ ನಿಜ ಅಲ್ವಾ?”

“ಹನ್ನೆರಡು ದಿನಕ್ಕೆ ಕೊಟ್ಟಿದ್ದು ಸಾರ್. ಜ್ವರ ಬಂದಿತ್ತು.”

“ಕೊಡುವಾಗ ಹನ್ನೆರಡು ದಿನಕ್ಕೆ ಅಂದ್ರಾ?”

ಅಂದಿರಲಿಲ್ಲ. ಗಂಡನಿಗೆ ಕೊಡುವಾಗ ಯಾರು ದಿನ ಎಣಿಸುತ್ತಾರೆ?

ಆಗ ನಾನೊಂದು ಹುಚ್ಚು ಕೆಲಸ ಮಾಡಿದೆ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲು ಅಗಲಿಸಿ ನಿಂತು, ಆ ಭಾರದಲ್ಲೇ ಕಲ್ಲನ್ನು ಒಂದು ಕೈಯಲ್ಲಿ ಎತ್ತಿದೆ. ಒಂಬತ್ತು ವರ್ಷ ದಿನಾ ಎರಡು ಹೊತ್ತು ಎತ್ತಿದ ತೋಳಿದು. ಕಲ್ಲು ನೆಲ ಬಿಟ್ಟಿತು. ಜನ ಹೋ ಎಂದರು. ಮೊಣಕಾಲು ದಾಟಿತು. ಬೆನ್ನಿನಲ್ಲಿ ಏನೋ ಕಿತ್ತುಬಂದಂತಾಯಿತು, ಹಲ್ಲು ಕಚ್ಚಿದೆ. ಸೊಂಟ ದಾಟಿತು. ಇನ್ನೊಂದು ಗೇಣು ಬಂದರೆ ಎದೆ. “ಅಮ್ಮಾ!” ಎಂದು ಮಂದಾರ ಕೂಗಿದಳು. ಆ ಒಂದು ಗೇಣಿನಲ್ಲಿ ನನ್ನ ಕೈ ನಡುಗಿತು. ನಡುಗಿದ್ದನ್ನು ನಾನೂ ನೋಡಿದೆ, ಸಾಹೇಬರೂ ನೋಡಿದರು. ಕಲ್ಲನ್ನು ಬೀಳಿಸಲಿಲ್ಲ, ಎರಡೂ ಕೈ ಕೊಟ್ಟು ಮೆಲ್ಲಗೆ ಇಳಿಸಿದೆ. ಎಷ್ಟಾದರೂ ಅಮ್ಮನ ಕಲ್ಲು.

“ಎತ್ತಿದ್ರಿ ತಾಯಿ, ಇಲ್ಲ ಅನ್ನಲ್ಲ. ಆದ್ರೆ ಅದು ನಿಮ್ಮದಾಗಿ ಏಳಲಿಲ್ಲ” ಎಂದು ಸಾಹೇಬರು ಬರೆದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು. ನಮ್ಮೂರಿನಲ್ಲಿ ಎಲ್ಲರೂ ಒಳ್ಳೆಯವರೇ.

ನನ್ನ ಗಂಡ ಆ ಗ್ರೈಂಡರನ್ನು ಮನೆಗೆ ತೆಗೆದುಕೊಂಡು ಹೋಗಲಿಲ್ಲ. ನಾಚಿಕೆಯಾಗಿರಬೇಕು. ಕಟ್ಟೆಯ ಪಕ್ಕದ ಬೇವಿನ ಮರದ ಬುಡದಲ್ಲೇ ಬಿಟ್ಟುಹೋದರು. ಬಿಟ್ಟದ್ದು ಕೊಟ್ಟ ಹಾಗಾಗುವುದಿಲ್ಲ. ಅದು ಅಲ್ಲೇ ಇದೆ, ಮಳೆನೀರು ತುಂಬಿಕೊಂಡು. ಆ ದಾರಿಯಲ್ಲಿ ಹೋಗುವಾಗ ಒಮ್ಮೊಮ್ಮೆ ಹತ್ತಿರ ಹೋಗಿ ಗುಂಡುಕಲ್ಲನ್ನು ಹಿಡಿದು ನೋಡುತ್ತೇನೆ. ಈವರೆಗೆ ಇಲ್ಲ.

ರೂಮಿನವರಿಗೆ ಬೇಡವೆಂದು ಹೇಳಿ ಕಳಿಸಿದೆ. ಈಗ ವಾದಿರಾಜ ರಾಯರ ಹೋಟೆಲಿನಲ್ಲಿ ರುಬ್ಬುವ ಕೆಲಸ, ಹಿಂದಿನ ಉಗ್ರಾಣದಲ್ಲೇ ಮಲಗಲು ಜಾಗ. ಮೊದಲು ನಾನೇ ಹಿಟ್ಟು ಮಾರುತ್ತಿದ್ದ ಹೋಟೆಲ್ ಅದು. ಬೆಳಿಗ್ಗೆ ರಾಯರು ಒದ್ದೆ ಪಂಚೆಯಲ್ಲೇ ಬಂದು ಅವರ ಗ್ರೈಂಡರಿನ ಕಲ್ಲು ಮುಟ್ಟಿ, “ಕೊಟ್ಟೆ ಅಮ್ಮಾ” ಅಂದು ದೇವರ ಮುಂದೆ ಊದುಬತ್ತಿ ಹಚ್ಚಲು ಹೋಗುತ್ತಾರೆ. ಮೊದಲ ದಿನ ನಾನು ಎಂದಿನ ಹಾಗೆ ಎರಡೂ ಕೈಯಲ್ಲಿ ಬಲ ಹಾಕಿ ಎತ್ತಿದೆ, ಕಲ್ಲು ಹಾರಿ ಬಂದು ಗಲ್ಲಕ್ಕೆ ಬಡಿಯಿತು. ಅಷ್ಟು ಹಗುರ. ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದ ಮನುಷ್ಯ, ಹಲ್ಲುಜ್ಜಿದಷ್ಟು ಸಲೀಸಾಗಿ ಕೊಟ್ಟಿದ್ದರು. ಉದ್ದಿನಬೇಳೆಯ ಬೋಗುಣಿಯ ಮುಂದೆ ಕೂತು ತುಂಬಾ ಹೊತ್ತು ಅತ್ತೆ. ಸಂಜೆ ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೊಡಬೇಕು. ಕೊಡುತ್ತೇನೆ. ಇವತ್ತಿಗೂ ಒಂದೇ ಸಲಕ್ಕೆ ಹೋಗುತ್ತದೆ.

ಹೋದ ಭಾನುವಾರ ಮಂದಾರ ಬಂದಿದ್ದಳು, ಮದುವೆಯ ಕಾಗದ ತೋರಿಸಲು. ಉಗ್ರಾಣದ ಮೂಟೆಯ ಮೇಲೆ ಕೂತು ಇಡ್ಲಿ ತಿಂದಳು, ಸೀರೆಯ ಬಣ್ಣ ಹೇಳಿದಳು, ಸುಹಾಸ ತುಂಬಾ ಒಳ್ಳೆಯವರಮ್ಮ ಅಂದಳು. ಒಳ್ಳೆಯ ಹುಡುಗನೇ, ನಾನೂ ನೋಡಿದ್ದೇನೆ. ಹೊರಡುವಾಗ ಹಿಂದಿನ ಅಂಗಳದವರೆಗೆ ಜೊತೆಗೆ ಹೋದೆ. ಅವಳ ಸ್ಕೂಟರ್ ನೆಲ್ಲಿಗಿಡದ ಪಕ್ಕ ನಿಂತಿತ್ತು.

“ನೀನು ಒಳಗೆ ಹೋಗಮ್ಮ, ಕೆಲಸ ಇರುತ್ತೆ” ಅಂದಳು.

“ಪರವಾಗಿಲ್ಲ, ನೀನು ಹೊರಡು.”

“ಹೋಗಮ್ಮ, ಬಿಸಿಲು.”

ನಾನು ಹೋಗಲಿಲ್ಲ. ಅವಳು ಇನ್ನೇನೋ ಹುಡುಕುವವಳ ಹಾಗೆ ಬ್ಯಾಗಿನಲ್ಲಿ ಕೈಯಾಡಿಸಿದಳು, ಕಾಗದಗಳನ್ನು ಮತ್ತೊಮ್ಮೆ ಜೋಡಿಸಿದಳು. ಕೊನೆಗೆ ವಿಧಿಯಿಲ್ಲದೆ ಹ್ಯಾಂಡಲ್ ಹಿಡಿದಳು. ಎರಡೂ ಕೈಯಲ್ಲಿ ಹಿಡಿದಳು. ಕಾಲನ್ನು ನೆಲಕ್ಕೆ ಒತ್ತಿ, ತುಟಿ ಕಚ್ಚಿ, ಎಡಭುಜ ಕೊಟ್ಟು ನೂಕಿದಳು. ಸ್ಕೂಟರ್ ಸ್ಟ್ಯಾಂಡಿನಿಂದ ಇಳಿಯಲಿಲ್ಲ. ಅವಳ ಮುಖ ಕೆಂಪಾಗಿತ್ತು.

“ಯಾವಾಗ?” ಅಂದೆ.

“ಹೋದ ತಿಂಗಳು. ಅವರ ಬೈಕು ರಿಪೇರಿಗೆ ಹೋಗಿತ್ತಮ್ಮ, ಆಫೀಸಿಗೆ ಕಷ್ಟ ಆಗ್ತಿತ್ತು. ಎಂಟು ದಿನಕ್ಕೆ ಅಂತ ಕೊಟ್ಟೆ.”

“ಎಂಟು ದಿನಕ್ಕೆ ಅಂತ ಬಾಯ್ಬಿಟ್ಟು ಹೇಳಿದ್ಯಾ?”

ಅವಳು ಸೀಟಿನ ಧೂಳನ್ನು ಬೆರಳಲ್ಲಿ ಒರೆಸಿದಳು.

“ವಾಪಸ್ ಕೇಳಿದ್ಯಾ?”

“ಕೇಳಿದ್ರೆ ಏನಂದ್ಕೋತಾರೋ ಅಂತ... ನಾನೇ ಓಡಿಸ್ತಾ ಇದೀನಲ್ಲಮ್ಮ. ಯಾರದ್ದಾದ್ರೇನು, ನಾಳೆ ಒಂದೇ ಮನೇಲಿ ಇರ್ತೀವಲ್ಲ.” ಹಾಗಂದವಳು ನನ್ನ ಕಡೆ ನೋಡಿದಳು. ಕಣ್ಣಲ್ಲಿ ಹೆದರಿಕೆಯ ಜೊತೆ ಚೂರು ಹೆಮ್ಮೆಯೂ ಇತ್ತು. “ಒಂದೇ ಸಲಕ್ಕೆ ಹೋಯ್ತಮ್ಮ.”

ಬೈಯಬೇಕೆಂದು ಬಾಯಿ ತೆರೆದೆ. ಅಮ್ಮ ನನಗೆ ಹೇಳಿದ್ದಳು, ನಾನು ಇವಳಿಗೆ ಹೇಳಿದ್ದೆ, ಇವಳು ನಾಳೆ ಇನ್ಯಾರಿಗೋ ಹೇಳುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹೋಗಿ ನಿಂತೆ, ಸೀಟಿನ ಕೆಳಗೆ ಕೈ ಕೊಟ್ಟೆ. ಅಂಗಳದಿಂದ ರಸ್ತೆಗೆ ಸ್ವಲ್ಪ ಏರು. ನನ್ನ ಹಿಟ್ಟಿನ ದುಡ್ಡಿನ ಆ ಸ್ಕೂಟರನ್ನು ನಾನೂ ನನ್ನ ಮಗಳೂ ಏದುಸಿರು ಬಿಡುತ್ತ ಮೇಲಕ್ಕೆ ತಳ್ಳಿದೆವು.